ಲೈಟ್‌ಹೌಸಿನ ಬಿಳಿ ಗೋಡೆ

ನನ್ನ ಮದುವೆಯಾದ ಈ ಹನ್ನೆರಡು ವರ್ಷದಲ್ಲಿ ನನ್ನ ಗಂಡನ ಅಣ್ಣ ನಮ್ಮನ್ನು ಬೀದಿ ಕೊನೆಯ ಪಾರ್ಕಿಗೂ ಕರೆದುಕೊಂಡು ಹೋದವರಲ್ಲ. ಅಂಥ ಭಾವ ಶನಿವಾರ ಸಂಜೆ ಶಟರ್ ಎಳೆಯುವ ಹೊತ್ತಿಗೆ, "ನಾಳೆ ಎಲ್ಲರೂ ದ್ವೀಪ ನೋಡ್ಕೊಂಡು ಬರೋಣಮ್ಮ, ಬೋಟಿಗೆ ಟಿಕೆಟ್ ತೆಗೆಸಿದೀನಿ" ಎಂದಾಗಲೇ ನನಗೆ ವಾಸನೆ ಬಡಿಯಬೇಕಿತ್ತು. ಬಡಿಯಲಿಲ್ಲ. ಬೆಪ್ಪುತಕ್ಕಡಿಯ ಹಾಗೆ ಬೆಳಿಗ್ಗೆ ಐದಕ್ಕೆದ್ದು ಹತ್ತು ಮೊಟ್ಟೆ ಬೇಯಿಸಿ, ಎರಡು ಬ್ರೆಡ್ಡು ಕೊಯ್ದು ಬೆಣ್ಣೆ ಸವರಿ, ಹೊಸ ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ನಮ್ಮದು ಫೋಟೋ ಸ್ಟುಡಿಯೊ. ಮಾರ್ಕೆಟ್ ರಸ್ತೆಯಲ್ಲಿ ಬೂಟಿನಂಗಡಿಯ ಮೇಲಿನ ಮಹಡಿ. ಭಾವ ಫೋಟೋ ತೆಗೆಯುತ್ತಾರೆ. ನನ್ನ ಗಂಡ ಕಂಪ್ಯೂಟರ್ ಮುಂದೆ ಕೂತು ಗಿರಾಕಿಗಳ ಮೊಡವೆ ಒರೆಸುತ್ತಾರೆ. ನಾನು ಕೌಂಟರಿನಲ್ಲಿ ಕೂತು ಪಾಸ್‌ಪೋರ್ಟ್ ಸೈಜಿನ ಫೋಟೋಗಳನ್ನು ಕತ್ತರಿಸಿ ಕವರಿಗೆ ತುಂಬುತ್ತೇನೆ, ಒಂದೊಂದು ಕವರಿಗೆ ಎಂಟೆಂಟು ಮುಖ. ಮೊದಲು ಫಿಲಂ ತೊಳೆಯುತ್ತಿದ್ದ ಕತ್ತಲೆ ಕೋಣೆ ಈಗ ನಮ್ಮ ಅಡುಗೆಮನೆ, ಅದರಾಚೆಯದು ಮಲಗುವ ಕೋಣೆ. ಅಂದರೆ ವಾರದ ಏಳು ದಿನವೂ ನಾನು ಅಲ್ಲೇ. ನನಗೆ ಗೊತ್ತಿಲ್ಲದೆ ಅಲ್ಲಿ ಒಂದು ಫ್ಲ್ಯಾಶ್ ಮಿಂಚುವುದಿಲ್ಲ. ಕ್ಯಾಮೆರಾ ಕಪಾಟಿನ ಬೀಗದ ಕೈ ಕೂಡ ನನ್ನ ಹತ್ತಿರವೇ ಇರುತ್ತದೆ.

ನನ್ನ ಬಾಯಿ ಜೋರು. ಅದನ್ನು ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಕೌಂಟರಿನಲ್ಲಿ ಕೂತವಳು ಮೆತ್ತಗಿದ್ದರೆ ಗಿರಾಕಿಗಳು ತಲೆ ಮೇಲೆ ಹತ್ತಿ ಕೂರುತ್ತಾರೆ. "ಇದು ನನ್ನ ಮುಖಾನೇ ಅಲ್ಲ" ಎಂದು ಜಗಳಕ್ಕೆ ಬರುವವರಿಗೆ "ಯಾಕೆ, ಮನೇಲಿ ಕನ್ನಡಿ ಇಲ್ವಾ?" ಎನ್ನಲು ಒಬ್ಬರಾದರೂ ಬೇಕಲ್ಲ. ಭಾವನಿಗೆ ಆ ಧೈರ್ಯವಿಲ್ಲ, ನನ್ನ ಗಂಡನಿಗೆ ಬಾಯೇ ಇಲ್ಲ. ಅಂಗಡಿಗೂ ಮನೆಗೂ ನಡುವೆ ಇರುವುದು ಒಂದು ಪರದೆ. ಪರದೆ ಸರಿಸಿ ಒಳಗೆ ಬಂದ ತಕ್ಷಣ ಬೇರೆ ಗಂಟಲು ಹಾಕಿಕೊಳ್ಳಲು ನನಗೆ ಬರುವುದಿಲ್ಲ.

ಭಾವನ ಮನೆ ಬೇರೆ, ಹಿಂದಿನ ಬೀದಿಯಲ್ಲಿ. ಅವರಿಗೆ ಮಕ್ಕಳಿಲ್ಲ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ, ವಯಸ್ಸಿಗೆ ಮರ್ಯಾದೆ ಕೊಟ್ಟು. ಇಬ್ಬರೂ ಮುಂದಿನ ತಿಂಗಳು ದೊಡ್ಡ ಊರಿಗೆ ಹೋಗಿ ಎರಡನೇ ಸ್ಟುಡಿಯೊ ತೆರೆಯುವವರಿದ್ದರು. ಹೋಗುವ ಮುಂಚೆ ಒಂದು ದಿನವಾದರೂ ಮನೆಯವರೆಲ್ಲ ಜೊತೆಗಿರೋಣ ಎಂದು ಈ ಪ್ರವಾಸ, ಹಾಗೆಂದು ನನಗೆ ಹೇಳಿದ್ದು. ಇನ್ನು ನನ್ನ ಮಗಳು. ಒಂಬತ್ತು ವರ್ಷ. ಕೂಸಾಗಿದ್ದಾಗ ದಿನವಿಡೀ ಕುಂಯ್ ಎಂದು ಒಂದೇ ರಾಗ ಎಳೆಯುತ್ತಿದ್ದಳೆಂದು ಎಲ್ಲರೂ ಅವಳನ್ನು ಪಿಟೀಲು ಎನ್ನುತ್ತಾರೆ. ಈಗ ಅವಳ ಬಾಯಿಂದ ದಿನಕ್ಕೆ ಹತ್ತು ಮಾತು ಹೊರಟರೆ ಹೆಚ್ಚು. ಅಪ್ಪನ ಮಗಳು ಎಂದುಕೊಂಡು ನಾನು ಸುಮ್ಮನಿದ್ದೆ.

ಬೋಟು ದಡ ಬಿಟ್ಟು ಐದು ನಿಮಿಷವಾಗಿರಲಿಲ್ಲ, ಪಿಟೀಲಿನ ಟೋಪಿ ಹಾರಿ ನೀರಿಗೆ ಬಿತ್ತು.

"ಕೈ ಏನು ಬಾಡಿಗೆಗೆ ಕೊಟ್ಟಿದೀಯಾ?" ಎಂದೆ. "ಹಿಡ್ಕೋ ಹಿಡ್ಕೋ ಅಂತ ಎಷ್ಟು ಸಲ ಬಡ್ಕೊಂಡೆ. ಇನ್ನು ಬಿಸಿಲಲ್ಲಿ ಒಣಗು. ಸಂಜೆ ತಲೆನೋವು ಅಂತ ನನ್ನ ಹತ್ರ ಬಾ, ಆಗ ನೋಡ್ಕೋತೀನಿ."

"ಹೋಗ್ಲಿ ಬಿಡಮ್ಮ, ಟೋಪಿ ತಾನೆ," ಎಂದರು ಭಾವ.

"ನೀವು ಸುಮ್ನಿರಿ ಭಾವ. ನಾಳೆ ಚಪ್ಪಲಿ ಕಳ್ಕೊಂಡು ಬಂದ್ರೆ ಚಪ್ಪಲಿ ತಾನೆ ಅಂತೀರಿ. ಸಾಕೋರು ನಾವು."

ಅಕ್ಕ ತಮ್ಮ ಸ್ಕಾರ್ಫ್ ಬಿಚ್ಚಿ ಪಿಟೀಲಿನ ತಲೆಗೆ ಕಟ್ಟಿದರು. ಒಂದು ಮಾತಿಲ್ಲ. ಈ ಮಾತಿಲ್ಲದ ಒಳ್ಳೆಯತನ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಮಾತಾಡುವವರನ್ನು ಕೆಟ್ಟವರನ್ನಾಗಿಸಲು ಅದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ. ನನ್ನ ಗಂಡ ಎಂದಿನಂತೆ ನೀರು ನೋಡುತ್ತ ಕೂತಿದ್ದರು.

ದ್ವೀಪವೆಂದರೆ ಅಂಥ ದೊಡ್ಡ ದ್ವೀಪವೇನಲ್ಲ. ಸುತ್ತಿ ಬರಲು ಮುಕ್ಕಾಲು ಗಂಟೆ ಸಾಕು. ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡ ಒಬ್ಬ ಗೈಡು ಬೋಟಿನವರನ್ನೆಲ್ಲ ಸಾಲು ಹಿಡಿಸಿ ನಡೆಸಿದ. ತುಕ್ಕು ಹಿಡಿದ ಫಿರಂಗಿ ನೋಡಿದೆವು. ಸಮುದ್ರದ ಮಧ್ಯದಲ್ಲೂ ಸಿಹಿನೀರು ಕೊಡುವ ಬಾವಿ ನೋಡಿದೆವು, ನನಗೆ ಆ ನೀರು ಕಬ್ಬಿಣ ನೆಕ್ಕಿದ ಹಾಗಾಯಿತು. ಹಕ್ಕಿಗಳು ಹೇತು ಹೇತು ಬೆಳ್ಳಗೆ ಮಾಡಿದ ಬಂಡೆಯ ಮುಂದೆ ನಿಂತು ಗೈಡು, "ಇದು ಇಲ್ಲಿನ ವಿಶೇಷ" ಎಂದ.

"ಇದನ್ನ ನೋಡೋಕೆ ಒಂದು ಗಂಟೆ ವಾಂತಿ ಬರಿಸ್ಕೊಂಡು ಬಂದ್ವಾ?" ಎಂದೆ. ಜೊತೆಯವರು ನಕ್ಕರು. ನಮ್ಮ ಮನೆಯವರು ಮಾತ್ರ ನಗಲಿಲ್ಲ. ಹೊಸ ಚಪ್ಪಲಿ ಹಿಮ್ಮಡಿ ಕೊರೆಯುತ್ತಿತ್ತು. ಹಗುರವಾದ ಚೀಲವನ್ನು ತಾವು ಹಿಡಿದು ಮೊಟ್ಟೆಯ ಡಬ್ಬಿಯಿದ್ದ ಚೀಲವನ್ನು ನನಗೆ ಬಿಟ್ಟದ್ದಕ್ಕೆ ನನ್ನ ಗಂಡನನ್ನು ದಾರಿಯುದ್ದಕ್ಕೂ ತರಾಟೆಗೆ ತೆಗೆದುಕೊಂಡೆ. ಅವರು ಚೀಲ ಬದಲಾಯಿಸಿಕೊಂಡರು. ಅದಕ್ಕೂ ಬೈದೆ, ಹೇಳಿದ ಮೇಲೆ ಮಾಡುವುದೂ ಒಂದು ಮಾಡುವುದೇ ಎಂದು.

ಆದರೆ ಒಂದು ವಿಷಯ ನನ್ನ ಕಣ್ಣಿಗೆ ಬಿದ್ದಿತ್ತು. ಬೆಳಿಗ್ಗೆ ಕಪಾಟಿನಿಂದ ಸ್ಟುಡಿಯೊದ ದೊಡ್ಡ ಕ್ಯಾಮೆರಾ ಕೇಳಿ ತೆಗೆಸಿಕೊಂಡಿದ್ದ ಭಾವ, ಅದನ್ನು ಕುತ್ತಿಗೆಗೆ ಹಾಕಿಕೊಂಡು ಸುಮ್ಮನೆ ನಡೆಯುತ್ತಿದ್ದರು. ಫಿರಂಗಿಯ ಮುಂದೆ ಪಿಟೀಲು ನಿಂತರೂ ಮುಚ್ಚಳ ತೆಗೆಯಲಿಲ್ಲ. ಬಂಡೆಯ ಮೇಲಿನ ಹಕ್ಕಿಗಳೆಲ್ಲ ಒಟ್ಟಿಗೇ ಎದ್ದು ಹಾರಿದಾಗಲೂ ತೆಗೆಯಲಿಲ್ಲ.

"ಏನು ಭಾವ, ಕ್ಯಾಮೆರಾನ ಗಾಳಿ ಸೇವನೆಗೆ ಕರ್ಕೊಂಡು ಬಂದಿದೀರಾ?" ಎಂದು ಕೇಳಿದೆ.

"ಬೆಳಕು ಸರಿಯಿಲ್ಲಮ್ಮ," ಎಂದರು. ನೆತ್ತಿಯ ಮೇಲೆ ಬಿಸಿಲು ಕಾಯುತ್ತಿತ್ತು.

ಕೊನೆಗೆ ಲೈಟ್‌ಹೌಸು ಬಂತು. ಬೆಳ್ಳಗೆ ಸುಣ್ಣ ಬಳಿದ ದಪ್ಪ ಗೋಡೆ, ಸುತ್ತ ಹುಲ್ಲು. ಅಲ್ಲೇ ನೆರಳಿನಲ್ಲಿ ಕೂತು ಬ್ರೆಡ್ಡು ಮೊಟ್ಟೆ ತಿಂದೆವು. ಕೈ ತೊಳೆದ ಮೇಲೆ ಭಾವ ಗೋಡೆ ನೋಡಿದರು, ಆಕಾಶ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ವಾಪಸ್ ಬೋಟು ಎಷ್ಟೊತ್ತಿಗೆ ಅಂತ ಆ ಗೈಡನ್ನ ಒಂದು ಮಾತು ಕೇಳ್ಕೊಂಡು ಬರ್ತೀಯಾ? ನೀನು ಕೇಳಿದ್ರೆ ಸರಿಯಾಗಿ ಹೇಳ್ತಾನೆ."

ಹೊಗಳಿಕೆ ಎಂದುಕೊಂಡು ಹೋದೆ. ಗೈಡು ದೂರದಲ್ಲಿ ಸಿಗರೇಟು ಸೇದುತ್ತಿದ್ದ. ನಾಲ್ಕೂವರೆ ಎಂದ. ಬಂದ ದಾರಿ ಬಿಟ್ಟು ಗೋಡೆಯ ಇನ್ನೊಂದು ಮಗ್ಗುಲಿಂದ ಸುತ್ತಿಕೊಂಡು ಬಂದೆ, ಆ ಕಡೆ ಹುಲ್ಲು ಮೆತ್ತಗಿತ್ತು, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬಹುದಿತ್ತು. ನಾನು ಬಂದದ್ದು ಅವರಿಗೆ ಕೇಳಿಸಲಿಲ್ಲ.

ಪ್ರವಾಸಕ್ಕೆ ಬಂದವರು ಫೋಟೋಕ್ಕೆ ನಿಂತರೆ ಸಮುದ್ರಕ್ಕೆ ಬೆನ್ನು ಮಾಡಿ ನಿಲ್ಲುತ್ತಾರೆ. ಇವರು ಸಮುದ್ರಕ್ಕೆ ಮುಖ ಮಾಡಿ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ನಡುವೆ ಪಿಟೀಲು, ಎಡಕ್ಕೆ ಭಾವ, ಬಲಕ್ಕೆ ಅಕ್ಕ. ಪಿಟೀಲಿನ ತಲೆಯ ಸ್ಕಾರ್ಫ್ ಇರಲಿಲ್ಲ, ಕೂದಲನ್ನು ಎರಡೂ ಕಿವಿಯ ಹಿಂದೆ ಸಿಕ್ಕಿಸಿತ್ತು. ಅಕ್ಕ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು. ಮೂವರ ಭುಜವೂ ಒಂದೇ ನೇರಕ್ಕೆ, ಮೂವರ ಬಾಯೂ ಮುಚ್ಚಿತ್ತು. ಕ್ಯಾಮೆರಾ ಹಿಡಿದದ್ದು ನನ್ನ ಗಂಡ. ಮದುವೆಯಾದಾಗಿನಿಂದ ಕ್ಯಾಮೆರಾ ಮುಟ್ಟದ ಮನುಷ್ಯ.

"ಗದ್ದ ಸ್ವಲ್ಪ ಮೇಲೆ, ಪುಟ್ಟ," ಎಂದರು ನನ್ನ ಗಂಡ. "ನಗ್ಬೇಡ."

ಇಂಥ ಫೋಟೋ ನಾನು ವರ್ಷಕ್ಕೆ ನೂರಾರು ಕತ್ತರಿಸುತ್ತೇನೆ. ಮಗುವನ್ನು ಬೇರೆ ಊರಿನಲ್ಲಿ ಇನ್ನೊಬ್ಬರ ಮನೆಯಲ್ಲಿಟ್ಟು ಓದಿಸುವುದಾದರೆ ಶಾಲೆಯವರು ಕೇಳುವ ಫೋಟೋ ಅದು. ಬಿಳಿ ಹಿನ್ನೆಲೆ, ಮಗು ನಡುವೆ, ನೋಡಿಕೊಳ್ಳುವವರು ಅಕ್ಕಪಕ್ಕ, ಕಿವಿ ಕಾಣಬೇಕು, ಹಲ್ಲು ಕಾಣಬಾರದು.

"ಯಾವ ಶಾಲೆ?" ಎಂದು ಕೇಳಿದೆ.

ನಾಲ್ವರೂ ತಿರುಗಿದರು. ನನ್ನ ಗಂಡ ಕ್ಯಾಮೆರಾ ಕೆಳಗಿಳಿಸಿದರು.

"ಏನಮ್ಮ, ಸುಮ್ನೆ ಒಂದು ನೆನಪಿಗೆ ಇರ್ಲಿ ಅಂತ..." ಎಂದರು ಭಾವ.

"ನೆನಪಿಗೆ ತೆಗೆಸ್ಕೊಳ್ಳೋರು ಕನ್ನಡಕ ತೆಗೀತಾರಾ? ಹನ್ನೆರಡು ವರ್ಷ ಕತ್ತರಿ ಹಿಡ್ದು ಕೂತಿರೋದು ನಾನು ಭಾವ. ನನ್ನ ಕಣ್ಣಿಗೇ ಮಣ್ಣೆರಚ್ತೀರಾ? ಯಾವ ಶಾಲೆ ಅಂತ ಕೇಳ್ದೆ."

ಅಕ್ಕನ ಕಣ್ಣು ಹುಲ್ಲಿನ ಮೇಲಿದ್ದ ತಮ್ಮ ಚೀಲದ ಕಡೆ ಹೋಯಿತು. ಅಷ್ಟು ಸಾಕಾಗಿತ್ತು. ಚೀಲಕ್ಕೆ ಕೈ ಹಾಕಿ ಫಾರಂ ಹೊರಗೆಳೆದೆ. ದೊಡ್ಡ ಊರಿನ ಶಾಲೆ. ಸ್ಥಳೀಯ ಪೋಷಕರು ಎಂಬಲ್ಲಿ ಭಾವ, ಅಕ್ಕನ ವಿವರ. ತಂದೆ ಅಥವಾ ತಾಯಿಯ ಸಹಿ ಎಂಬಲ್ಲಿ ನನ್ನ ಗಂಡನ ಸಹಿ, ಸ್ಪಷ್ಟವಾಗಿ, ಯಾವ ಅಳುಕೂ ಇಲ್ಲದೆ. ಕೊನೆಯ ದಿನಾಂಕ ಸೋಮವಾರ. ಅಂದರೆ ಮಾರನೇ ದಿನ. ಫೋಟೋದ ಚೌಕ ಮಾತ್ರ ಖಾಲಿ.

ಬೇರೆ ಯಾರಾದರೂ ಆಗಿದ್ದರೆ ಮೊಬೈಲಿನಲ್ಲಿ ಟಕ್ಕೆಂದು ತೆಗೆದು ಮುಗಿಸುತ್ತಿದ್ದರು, ಅಥವಾ ಎದುರು ಬೀದಿಯ ಸ್ಟುಡಿಯೊಗೆ ಹೋಗಿ ತೆಗೆಸುತ್ತಿದ್ದರು, ನನಗೆ ಸುಳಿವೂ ಸಿಗುತ್ತಿರಲಿಲ್ಲ. ನಮ್ಮ ಭಾವನಿಂದ ಅದು ಸಾಧ್ಯವೇ? ಮೊಬೈಲಿನಲ್ಲಿ ತೆಗೆದದ್ದನ್ನು ಫೋಟೋ ಎನ್ನುವವರ ಜೊತೆ ಅವರು ಟೀ ಕೂಡ ಕುಡಿಯುವುದಿಲ್ಲ. ನಮ್ಮ ಮನೆಯ ಮಗು ಇನ್ನೊಬ್ಬರ ಸ್ಟುಡಿಯೊದ ಸ್ಟೂಲಿನ ಮೇಲೆ ಕೂರುವುದೆಂದರೆ ಅವರ ಮರ್ಯಾದೆ ಮೂರು ಕಾಸಿಗೆ ಹೋದಂತೆ. ನಮ್ಮ ಸ್ಟುಡಿಯೊದಲ್ಲಿ ನಾನಿದ್ದೇನೆ, ಅವರ ಮನೆಯ ಗೋಡೆಯೆಲ್ಲ ಹಸಿರು. ಅದಕ್ಕೇ ಐದು ಟಿಕೆಟ್ಟು, ಒಂದು ಸಮುದ್ರ, ಒಂದು ದ್ವೀಪ. ಎಲ್ಲ ಒಂದು ಬಿಳಿ ಗೋಡೆಗೋಸ್ಕರ.

"ಯಾರ ತಲೇಲಿ ಹುಟ್ಟಿದ್ದು ಇದು?" ಎಂದೆ.

"ನಂದೇ ಯೋಚನೆ," ಎಂದರು ಭಾವ. "ಅಲ್ಲಿ ಶಾಲೆ ಚೆನ್ನಾಗಿದೆ."

"ಇಲ್ಲ, ನಾನೇ ಅಣ್ಣನ್ನ ಕೇಳಿದ್ದು," ಎಂದರು ನನ್ನ ಗಂಡ. ಅವರಿಗೂ ಬಾಯಿದೆ ಎಂದು ಗೊತ್ತಾಯಿತು.

"ಅವರಿಬ್ರೂ ಅಲ್ಲ," ಎಂದರು ಅಕ್ಕ. "ನಂಗೆ ಆಸೆಯಾಯ್ತು. ನಾನೇ ಹಟ ಹಿಡ್ದೆ."

"ಆಹಾ, ಕಳ್ಳತನಕ್ಕೂ ಪೈಪೋಟಿ ನೋಡು," ಎಂದೆ. ಅಲ್ಲಿಂದ ಮುಂದೆ ನನ್ನನ್ನು ಹಿಡಿಯುವವರಿರಲಿಲ್ಲ. ಬೇರೆ ಕುಟುಂಬಗಳು ಲೈಟ್‌ಹೌಸು ಬಿಟ್ಟು ನಮ್ಮನ್ನು ನೋಡತೊಡಗಿದವು. ಗಂಡನಿಗೆ ಹೇಳಿದೆ, "ಅಣ್ಣ ಕೇಳಿದ್ರೆ ನಿಮ್ಮ ಕಿಡ್ನೀನೂ ಬಿಚ್ಚಿ ಕೊಡ್ತಿದ್ರಿ. ಅದು ಕೊಡಿ, ಅಡ್ಡಿಯಿಲ್ಲ. ಮಗಳು ನಿಮ್ಮೊಬ್ಬರದಲ್ಲ." ಭಾವನಿಗೆ ಹೇಳಿದೆ, "ದೊಡ್ಡವರು ಅಂತ ಇಷ್ಟು ದಿನ ನಿಮ್ಮ ತಟ್ಟೆ ತೊಳ್ದೆ. ಇನ್ನು ನಮ್ಮ ಮೆಟ್ಟಿಲು ಹತ್ತಿದ್ರೆ ನೋಡಿ." ಆಮೇಲೆ ಅಕ್ಕನ ಕಡೆ ತಿರುಗಿ ಹೇಳಿದೆ.

"ಅಂಗಡೀಲಿ ಸಿಗದ್ದನ್ನ ನಮ್ಮನೆಯಿಂದ ಎತ್ಕೊಂಡು ಹೋಗೋಣ ಅಂತ ಬಂದ್ರಾ ಅಕ್ಕ?"

ಅಕ್ಕನ ಕೈಯಲ್ಲಿ ಕನ್ನಡಕವಿತ್ತು. ಅದನ್ನು ಹಾಕಿಕೊಂಡರು, ಮತ್ತೆ ತೆಗೆದರು, ಸ್ಕಾರ್ಫಿನ ಅಂಚಿನಲ್ಲಿ ಒರೆಸಿದರು. ಹೇಳಬಾರದ ಮಾತು ಹೇಳಿದೆ ಎಂದು ನನಗೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದು.

ಗಂಡನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡು ಒಳಗಿನ ಕಾರ್ಡು ತೆಗೆದೆ. ಹುಲ್ಲಿನಾಚೆ ನಾಲ್ಕು ಹೆಜ್ಜೆಗೆ ಬಂಡೆ, ಬಂಡೆಯ ಕೆಳಗೆ ನೀರು.

"ಅದರಲ್ಲಿ ನಿನ್ನೆ ಬಂದ ಗಿರಾಕಿಗಳದ್ದೂ ಇದೆ," ಎಂದರು ನನ್ನ ಗಂಡ, ಮೆಲ್ಲಗೆ.

"ಈಜು ಕಲೀಲಿ," ಎಂದು ಎಸೆದೆ. ಈ ಹನ್ನೆರಡು ವರ್ಷದಲ್ಲಿ ಒಬ್ಬ ಗಿರಾಕಿಯ ಒಂದು ಫೋಟೋ ಕಳೆದವಳಲ್ಲ ನಾನು. ಅವತ್ತು ಹದಿನಾಲ್ಕು ಮುಖಗಳನ್ನು ಸಮುದ್ರಕ್ಕೆ ಹಾಕಿದೆ, ಎಳ್ಳಷ್ಟೂ ಬೇಜಾರಾಗಲಿಲ್ಲ. ಫಾರಂ ಮಡಚಿ ನನ್ನ ಚೀಲಕ್ಕೆ ತುರುಕಿ, ಪಿಟೀಲಿನ ಕೈ ಹಿಡಿದು ಎಳೆದುಕೊಂಡು ಬೋಟಿನ ಕಡೆ ನಡೆದೆ. ಅವಳು ಎಳೆದ ಕಡೆ ಬಂದಳು.

ಬೋಟಿನಲ್ಲಿ ನಾವಿಬ್ಬರು ಮುಂದಿನ ಬೆಂಚಿನಲ್ಲಿ ಕೂತೆವು. ಅವರು ಮೂವರು ಹಿಂದೆ, ಎಂಜಿನ್ನಿನ ಹತ್ತಿರ. ಬಿಸಿಲು ಇನ್ನೂ ಚುರುಕಾಗಿಯೇ ಇತ್ತು. ಗೆದ್ದೆ ಎಂದುಕೊಂಡೆ. ನಾಳೆಯ ದಿನ ಕಳೆದರೆ ಫಾರಮ್ಮಿನ ಅವಧಿ ಮುಗಿಯುತ್ತದೆ, ಮುಂದಿನ ತಿಂಗಳು ಅವರು ಹೊರಡುತ್ತಾರೆ, ಮಗಳು ನನ್ನ ಹತ್ತಿರ ಉಳಿಯುತ್ತಾಳೆ. ಅದಕ್ಕಿಂತ ನನಗೆ ಬೇರೇನೂ ಬೇಕಿರಲಿಲ್ಲ. ಒಳಗೆಲ್ಲೋ ಸಂತೋಷವಾಗಿತ್ತು ಎಂದರೆ ಸುಳ್ಳಲ್ಲ.

"ಹೆದರ್ಬೇಡ," ಎಂದೆ ಪಿಟೀಲಿಗೆ. "ನಿನ್ನ ಯಾರೂ ಎಲ್ಲಿಗೂ ಕರ್ಕೊಂಡು ಹೋಗಲ್ಲ. ನಾನಿದೀನಿ."

ಅವಳು ನೀರು ನೋಡುತ್ತಲೇ, "ದೊಡ್ಡಮ್ಮಂಗೆ ಯಾಕಮ್ಮ ಹಾಗಂದೆ?" ಎಂದಳು.

"ಮತ್ತೇನು ಹಾರ ಹಾಕ್ಬೇಕಿತ್ತಾ? ನಿನ್ನ ಕದ್ಕೊಂಡು ಹೋಗೋಕೆ ಬಂದೋರಿಗೆ?"

"ದೊಡ್ಡಮ್ಮ ಕೇಳ್ಲಿಲ್ಲ."

"ಹಾಗಾದ್ರೆ ನಿಮ್ಮಪ್ಪ."

"ಅಪ್ಪನೂ ಅಲ್ಲ." ಅವಳು ನನ್ನ ಕಡೆ ನೋಡದೆ ಬೆಂಚಿನ ಬಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದಳು. "ನಾನೇ ಕೇಳಿದ್ದು. ನಾನೂ ನಿಮ್ಮ ಜೊತೆ ಬರ್ಲಾ ಅಂತ. ದೊಡ್ಡಮ್ಮ ಬೇಡ ಅಂದ್ರು, ಅಮ್ಮಂಗೆ ಬೇಜಾರಾಗುತ್ತೆ ಅಂದ್ರು. ಇನ್ನೊಂದು ದಿನ ಕೇಳ್ದೆ. ಆಮೇಲೆ ಇನ್ನೊಂದು ದಿನ. ಆಮೇಲೆ ಅಪ್ಪಂಗೆ ಹೇಳಿದ್ರು."

ಅವಳ ಬಾಯಿಂದ ಒಂದೇ ಸಲಕ್ಕೆ ಇಷ್ಟು ಮಾತು ಹೊರಟದ್ದನ್ನು ನಾನು ಕೇಳಿರಲಿಲ್ಲ. ಹಿಂದೆ ತಿರುಗಿ ನೋಡಿದೆ. ಮೂವರೂ ನಮ್ಮನ್ನೇ ನೋಡುತ್ತಿದ್ದರು, ಥಟ್ಟನೆ ಕಣ್ಣು ತಿರುಗಿಸಿದರು. ನನ್ನದೇ ಯೋಚನೆ, ನಾನೇ ಕೇಳಿದ್ದು, ನಾನೇ ಹಟ ಹಿಡಿದೆ. ಒಬ್ಬರಿಗಿಂತ ಒಬ್ಬರು ಮುಂದೆ ಬಿದ್ದು ಬೈಸಿಕೊಂಡದ್ದು ಈ ಒಂಬತ್ತು ವರ್ಷದ ಹುಡುಗಿಗೆ ನನ್ನ ಬೈಗುಳ ತಗುಲಬಾರದೆಂದು. ಅಕ್ಕ ಆ ಮಾತನ್ನೂ ಕೇಳಿಸಿಕೊಂಡು ನಿಂತಿದ್ದರು. ನಾನು ಆ ಮಗುವಿನ ತಾಯಿ. ನನ್ನಿಂದ ಅವಳನ್ನು ಕಾಪಾಡಲು ಮೂರು ಜನ ಬೇಕಾಗಿತ್ತು.

"ಯಾಕೆ?" ಎಂದು ಕೇಳಿದೆ. "ಶಾಲೆ ಚೆನ್ನಾಗಿದೆ ಅಂತಾನಾ?"

ಇಲ್ಲ ಎಂದು ತಲೆಯಾಡಿಸಿದಳು.

"ಮತ್ತೆ?"

"ಬೈಯಲ್ಲ ಅಂದ್ರೆ ಹೇಳ್ತೀನಿ."

"ಬೈಯಲ್ಲ. ಹೇಳು."

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ನನ್ನ ಮನಸ್ಸು ನೋಯಿಸಬೇಕೆಂದಲ್ಲ, ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕುವ ಹಾಗೆ.

"ದೊಡ್ಡಮ್ಮನ ಮನೇಲಿ ಲೋಟ ಬಿದ್ರೆ, ಲೋಟ ಬಿತ್ತು ಅಂತಾರೆ," ಎಂದಳು. "ಅಷ್ಟೆ."

ನನಗೆ ಮೊದಲು ಬಂದದ್ದು ಸಿಟ್ಟೇ. ಸುಳ್ಳು ಹೇಳಲಾರೆ. ಹೊತ್ತದ್ದು ನಾನು, ಹೆತ್ತದ್ದು ನಾನು, ಜ್ವರ ಬಂದರೆ ಕೂರುವವಳು ನಾನು, ಇವಳಿಗೆ ಬೇಕಾದದ್ದು ಬಿದ್ದ ಲೋಟಕ್ಕೆ ಬೈಯದ ಮನೆಯೇ ಎಂದು ನಾಲಿಗೆ ತುದಿಯವರೆಗೆ ಬಂತು. ಬಾಯಿ ತೆರೆದೆ. ಪಿಟೀಲಿನ ಭುಜ ಮೇಲೆದ್ದು ಕತ್ತು ಒಳಗೆ ಹೋಯಿತು. ಅವಳಿಗೆ ಅದು ಅಭ್ಯಾಸವಾಗಿತ್ತು. ನಾನು ದಿನಕ್ಕೆ ಎಷ್ಟು ಸಲ ಅದನ್ನು ನೋಡಿರಬೇಕು, ನೋಡಿಯೂ ಅಪ್ಪನ ಮಗಳು ಎಂದುಕೊಂಡಿರಬೇಕು.

ಬಾಯಿ ಮುಚ್ಚಿದೆ. ಹಾಗೆ ಮುಚ್ಚಿಕೊಂಡು ಕೂರುವುದು ಎಷ್ಟು ಕಷ್ಟವೆಂದು ಅವತ್ತೇ ಗೊತ್ತಾದದ್ದು. ನಾಳೆಯಿಂದ ಮೆತ್ತಗಿರುತ್ತೇನೆ, ಹೋಗಬೇಡ ಎನ್ನಬಹುದಿತ್ತು. ಒಂದು ವಾರ ಇರುತ್ತಿದ್ದೆ, ಹೆಚ್ಚೆಂದರೆ ಎರಡು. ಅಷ್ಟು ನನ್ನನ್ನು ನಾನು ಬಲ್ಲೆ. ಅಳು ಬಂತು, ಗಾಳಿಗೆ ಮುಖ ಕೊಟ್ಟು ಕೂತೆ.

ದಡ ಕಾಣತೊಡಗಿದಾಗ ಎದ್ದು, ಬೆಂಚುಗಳನ್ನು ಹಿಡಿದುಕೊಳ್ಳುತ್ತ ಹಿಂದಕ್ಕೆ ಹೋದೆ. ನಾನು ಬರುವುದನ್ನು ನೋಡಿ ಭಾವ ನೆಟ್ಟಗೆ ಕೂತರು. ನನ್ನ ಗಂಡ ಅಕ್ಕನಿಗೂ ನನಗೂ ನಡುವೆ ಸರಿದು ಕೂತರು. ಅಕ್ಕನ ಮುಖ ನೋಡಲು ನನ್ನಿಂದಾಗಲಿಲ್ಲ. ಚೀಲದಿಂದ ಫಾರಂ ತೆಗೆದು ಅವರ ಮಡಿಲಲ್ಲಿಟ್ಟೆ.

"ಫೋಟೋ ನಾಳೆ ಬೆಳಿಗ್ಗೆ ಸ್ಟುಡಿಯೊದಲ್ಲೇ ತೆಗೀರಿ ಭಾವ," ಎಂದೆ. "ಕತ್ತರಿಸಿ ಅಂಟಿಸೋದು ನಾನು ಮಾಡ್ತೀನಿ. ಕಳ್ಸೋಣ ಅವಳನ್ನ."

ಎಂಜಿನ್ನು ಕಿವಿಯ ಬುಡದಲ್ಲೇ ಬಡಿದುಕೊಳ್ಳುತ್ತಿತ್ತು. ಭಾವ ನನ್ನ ಕಡೆ ಬಗ್ಗಿದರು.

"ಏನಂದ್ಯಮ್ಮ? ಕೇಳಿಸ್ಲಿಲ್ಲ."

ನನ್ನ ಮಾತು ಕೇಳಿಸಲಿಲ್ಲ ಎಂದು ಆ ಮನೆಯಲ್ಲಿ ಯಾರೂ ಅದುವರೆಗೆ ಹೇಳಿದ್ದಿಲ್ಲ. ಒಂದು ಸಲ ಹೇಳುವಷ್ಟಕ್ಕೆ ಮಾತ್ರ ನಾನು ಗಟ್ಟಿ ಮನಸ್ಸು ಮಾಡಿಕೊಂಡು ಬಂದಿದ್ದೆ. ಬೆಂಚು ಹಿಡಿದು ನಿಂತು, ಇನ್ನೊಂದು ಸಲ ಹೇಳಿದೆ.